ಬೇಸಿಗೆಯಲ್ಲಿ ಗಂಡ-ಹೆಂಡತಿ ಸೈಕಲ್ ಪ್ರವಾಸ: ಹೊಸಪೇಟೆಯಿಂದ ಕನಕಗಿರಿವರೆಗೆ, ಟೆಂಟ್ ಸಮೇತ

ಏಪ್ರಿಲ್-ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಸೈಕಲ್ ತುಳಿಯಬಹುದಾ? ತುಳಿಯಬಹುದು. ಆದರೆ ಚಳಿಗಾಲದ ಪ್ರವಾಸವನ್ನೇ ಎರಡು ಬಾಟಲಿ ನೀರು ಜಾಸ್ತಿ ಇಟ್ಟುಕೊಂಡು ಮಾಡೋಣ ಅಂದರೆ ನಡೆಯುವುದಿಲ್ಲ. ಹಗಲು 40 ಡಿಗ್ರಿ ದಾಟುವುದು ನಮ್ಮ ಕಡೆ ಮಾಮೂಲಿ. ಇಂಥ ಬಿಸಿಲಲ್ಲಿ ಎಷ್ಟು ಕಿಲೋಮೀಟರ್ ಹೋಗಬೇಕು ಅನ್ನುವುದನ್ನು ಕಾಲಿನ ಶಕ್ತಿ ನಿರ್ಧರಿಸುವುದಿಲ್ಲ, ಗಡಿಯಾರ ನಿರ್ಧರಿಸುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ತಲೆಗೇರಿದವರಿಗೆ ಏರಿದೆ ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಇರುವವರಿಗೆ ಗೊತ್ತಾಗುತ್ತದೆ. ಅದಕ್ಕೇ ಬೇಸಿಗೆ ಪ್ರವಾಸ ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಮಾಡುವುದು ಒಳ್ಳೆಯದು. ಷರತ್ತು ಒಂದೇ: ಇಬ್ಬರೂ ನಿಜವಾಗಿ ಒಬ್ಬರನ್ನೊಬ್ಬರು ನೋಡುತ್ತಿರಬೇಕು. ನಾನು, ನನ್ನ ಗಂಡ ಬೇಸಿಗೆಯಲ್ಲಿ ಹೀಗೇ ಓಡಾಡುತ್ತೇವೆ. ಈ ಬರಹದಲ್ಲಿ ಇರುವುದೆಲ್ಲ ಆ ಒಂದು ಮಾತನ್ನು ನಂಬಿಕೊಂಡೇ ಇದೆ.

ಯಾವಾಗ ಹೊರಡಬೇಕು, ಯಾವಾಗ ಬೇಡ

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ಹಿಂದಿನ ದಿನ ನೋಡಿ. ಬಯಲು ಸೀಮೆಯಲ್ಲಿ 40 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಬಿಸಿಗಾಳಿ ಅಂತ ಲೆಕ್ಕ ಹಾಕುತ್ತಾರೆ. ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಬಿಸಿಗಾಳಿಯೇ. ಎಚ್ಚರಿಕೆ ಕೊಟ್ಟಿದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಇದರಲ್ಲಿ ಚೌಕಾಸಿ ಬೇಡ.

ಜ್ವರ ಬಂದು ಹೋದ ವಾರ, ಬೇಧಿ ಆಗಿದ್ದಾಗ, ಗರ್ಭಿಣಿ ಆಗಿದ್ದಾಗ ಹೋಗಬೇಡಿ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೊರಡಬಾರದು.

ದಾರಿ ಯಾವುದು

ಕೊಪ್ಪಳದಿಂದ ಕುಕನೂರು, ಇಟಗಿ ಕಡೆಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ನೋಡಲೇಬೇಕಾದದ್ದು, ನಿಜ. ಆದರೆ ಆ ಕಡೆ ಎರೆ ಹೊಲ. ಬೇಸಿಗೆಯಲ್ಲಿ ಹೊಲ ಖಾಲಿ, ನೆರಳಿಗೆ ಮರ ಹುಡುಕಬೇಕು. ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಬೇಸಿಗೆಗೆ ತುಂಗಭದ್ರೆಯ ಎಡದಂಡೆಯ ದಾರಿಯೇ ವಾಸಿ. ಹೊಸಪೇಟೆ, ಮುನಿರಾಬಾದ್, ಹುಲಿಗಿ, ಶಿವಪುರ, ಸಾಣಾಪುರ, ಆನೆಗೊಂದಿ, ಗಂಗಾವತಿ, ಕನಕಗಿರಿ. ಆಮೇಲೆ ವಾಪಸ್ ಗಂಗಾವತಿ. ಎಲ್ಲ ಸೇರಿ 100 ಕಿಲೋಮೀಟರ್ ಆಸುಪಾಸು. ಚಳಿಗಾಲದಲ್ಲಿ ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುವ ದೂರ ಇದು. ಬೇಸಿಗೆಯಲ್ಲಿ ಮೂರು ದಿನ ಕೊಡಿ.

ಈ ದಾರಿ ಆರಿಸಲು ಕಾರಣ ಇದೆ. ನದಿ, ಕಾಲುವೆ, ಬಾಳೆ ತೋಟ, ಭತ್ತದ ಗದ್ದೆ ಇರುವಲ್ಲಿ ಮರವೂ ಇರುತ್ತದೆ, ಜನವೂ ಇರುತ್ತಾರೆ. ಒಂದು ಊರು ಬಿಟ್ಟರೆ ಇನ್ನೊಂದು ಊರು ಬೇಗ ಸಿಗುತ್ತದೆ. ಹೆಚ್ಚಿನ ದಾರಿ ಪೂರ್ವಕ್ಕೆ ಹೋಗುವುದರಿಂದ ಬೇಸಿಗೆ ಕೊನೆಯ ಪಡುವಣ ಗಾಳಿ ಬೆನ್ನಿಗೆ ಬೀಳುತ್ತದೆ. ಇಲ್ಲೊಂದು ಎಚ್ಚರ ಬೇಕು. ಗಾಳಿ ಬೆನ್ನಿಗಿದ್ದರೆ ತುಳಿಯುವುದು ಸುಲಭ, ಆದರೆ ಮೈಗೆ ಗಾಳಿ ತಾಗುವುದು ಕಡಿಮೆ. ಬೆವರು ಅಷ್ಟು ಬೇಗ ಆರುವುದಿಲ್ಲ, ಮೈ ಬೇಗ ಕಾಯುತ್ತದೆ. ಹಗುರವಾಗಿ ಹೋಗುತ್ತಿದ್ದೇವೆ ಅನ್ನಿಸಿದಾಗಲೇ ನಿಂತು ನೀರು ಕುಡಿಯಬೇಕು.

ಹೊಸಪೇಟೆಯಿಂದ ಮುನಿರಾಬಾದಿಗೆ ಹೆದ್ದಾರಿ ಸೇತುವೆ ದಾಟಬೇಕು. ಲಾರಿ ಓಡಾಟ ತುಂಬ. ಬೆಳಕು ಹರಿಯುತ್ತಲೇ ದಾಟಿ, ಹಿಂದೆ ಕೆಂಪು ದೀಪ ಉರಿಯುತ್ತಿರಲಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಹುಲಿಗಿಯಲ್ಲಿ ಹುಲಿಗೆಮ್ಮನ ಭಕ್ತರ ದಟ್ಟಣೆ ಇರುತ್ತದೆ. ಆ ದಿನಗಳನ್ನು ಬಿಟ್ಟು ಹೊರಟರೆ ರಸ್ತೆಯೂ ಖಾಲಿ, ಮಧ್ಯಾಹ್ನ ಮಲಗಲು ಜಾಗವೂ ಸಲೀಸು.

ಎರಡು ವಾರ ಮೊದಲು ಮಾಡಬೇಕಾದ್ದು

ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಎಸಿ ರೂಮಿನಿಂದ ಎದ್ದು ಬಂದು ನೇರ ಸೈಕಲ್ ಹತ್ತಬೇಡಿ. ದಿನಾ ಸಂಜೆ ಐದಕ್ಕೆ, ಇನ್ನೂ ಕಾವು ಇರುವಾಗಲೇ, ನಿಧಾನವಾಗಿ ಅರ್ಧ ಗಂಟೆಯಿಂದ ಶುರು ಮಾಡಿ ಒಂದು ಗಂಟೆಗೆ ಏರಿಸಿ. ಕೆಲವೇ ದಿನಗಳಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೈ ಕಲಿಯುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಇದೇ ವಾರಗಳಲ್ಲಿ ಇಬ್ಬರೂ ಒಂದು ಪರೀಕ್ಷೆ ಮಾಡಿಕೊಳ್ಳಿ. ಸೈಕಲ್ ತುಳಿಯುವ ಮೊದಲು ತೂಕ ನೋಡಿ. ಒಂದು ಗಂಟೆ ತುಳಿದು ಬಂದು, ಬೆವರು ಒರೆಸಿಕೊಂಡು, ಮತ್ತೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ನಡುವೆ ನೀರು ಕುಡಿದಿದ್ದರೆ ಅದನ್ನೂ ಸೇರಿಸಿ. ಗಂಡ-ಹೆಂಡತಿಯ ಲೆಕ್ಕ ಒಂದೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಅವರ ಬೆವರು ಬಹಳ ಜಾಸ್ತಿ. "ನಾನು ಇಷ್ಟು ಕುಡಿದೆ, ನೀನೂ ಇಷ್ಟೇ ಕುಡಿ" ಅನ್ನುವ ಮಾತು ಇದರಿಂದ ನಿಂತುಹೋಗುತ್ತದೆ.

ಸೈಕಲ್, ಸಾಮಾನು

ದುಬಾರಿ ಸೈಕಲ್ ಬೇಕಿಲ್ಲ. 32ರಿಂದ 40 ಮಿಲಿಮೀಟರ್ ಅಗಲದ ಟೈರ್, ಹಿಂದೆ ಗಟ್ಟಿ ಕ್ಯಾರಿಯರ್, ಸರಿಯಾದ ಬ್ರೇಕ್ ಇದ್ದರೆ ಸಾಕು. ನಮ್ಮ ಕಡೆಯ ನಿಜವಾದ ಶತ್ರು ಬಳ್ಳಾರಿ ಜಾಲಿ. ರಸ್ತೆ ಪಕ್ಕಕ್ಕೆ ಇಳಿದರೆ ಸಾಕು, ಮುಳ್ಳು ಟೈರಿನೊಳಗೆ. ನೆಗ್ಗಿಲು ಮುಳ್ಳೂ ಹಾಗೇ. ನೆರಳು ಕಂಡಿತು ಅಂತ ಸೈಕಲ್ ತಳ್ಳಿಕೊಂಡು ಜಾಲಿ ಗಿಡದ ಬುಡಕ್ಕೆ ಹೋಗಬೇಡಿ. ಬೇವಿನ ಮರವೋ ಹುಣಸೆ ಮರವೋ ಬರುವ ತನಕ ತಡೆಯಿರಿ. ಒಬ್ಬೊಬ್ಬರಿಗೆ ಎರಡು ಹೆಚ್ಚುವರಿ ಟ್ಯೂಬ್ ಇರಲಿ. ಹಳೆಯ ಪಂಕ್ಚರ್ ಸೊಲ್ಯೂಷನ್ ಬಿಸಿಲಿಗೆ ಒಣಗಿಹೋಗಿರುತ್ತದೆ, ಹೊಸ ಸೊಲ್ಯೂಷನ್ ತನ್ನಿ.

ಸಾಮಾನು ಹಂಚುವಾಗ ಒಂದು ನಿಯಮ. ಟೆಂಟ್, ಒಲೆ, ರಿಪೇರಿ ಸಾಮಾನು ಶಕ್ತಿ ಇರುವವರ ಸೈಕಲ್ಲಿಗೆ ಹೋಗಲಿ. ನೀರು, ಓಆರ್‌ಎಸ್, ಪೀಪಿ, ಸ್ವಲ್ಪ ದುಡ್ಡು ಮಾತ್ರ ಇಬ್ಬರ ಹತ್ತಿರವೂ ಬೇರೆ ಬೇರೆ ಇರಬೇಕು. ಒಬ್ಬರು ಎರಡು ತಿರುವು ಮುಂದೆ ಹೋದಾಗ ಹಿಂದಿನವರ ನೀರು ಮುಂದಿನ ಸೈಕಲ್ಲಿನಲ್ಲಿ ಇರಬಾರದು.

ನಿಧಾನ ಹೋಗುವವರು ಮುಂದೆ ಹೋಗಲಿ. ವೇಗ ಅವರದೇ. ಹಿಂದಿನವರಿಗೆ ಮುಂದಿನವರು ಸದಾ ಕಾಣುತ್ತಿರುತ್ತಾರೆ, ಅದೇ ಬೇಕಾದದ್ದು.

ಬಟ್ಟೆ ತುಂಬು ತೋಳಿನದು, ಸಡಿಲವಾದದ್ದು, ತಿಳಿ ಬಣ್ಣದ್ದು ಇರಲಿ. ಗಾಳಿಯೇ ಚರ್ಮಕ್ಕಿಂತ ಬಿಸಿ ಇರುವಾಗ ಬರಿ ತೋಳು ತಂಪು ಕೊಡುವುದಿಲ್ಲ, ಕಾವನ್ನು ಒಳಗೆ ಎಳೆಯುತ್ತದೆ. ಹೆಲ್ಮೆಟ್ ಕೆಳಗೆ ಒದ್ದೆ ಟವೆಲ್, ಅದರ ತುದಿ ಕುತ್ತಿಗೆ ಮೇಲೆ.

ನೀರು, ಉಪ್ಪು

ಬೆಳಿಗ್ಗೆ ಮೂರು ಗಂಟೆ ಹೊತ್ತು ತುಳಿಯಲು ಒಬ್ಬರಿಗೆ ಮೂರು ಲೀಟರ್, ಆಪತ್ತಿಗೆ ಒಂದು ಲೀಟರ್. ಒಟ್ಟು ನಾಲ್ಕು ಲೀಟರ್ ಇಲ್ಲದೆ ಬೆಳಿಗ್ಗೆ ಹೊರಡಬೇಡಿ. ಭಾರ ಅನ್ನಿಸುತ್ತದೆ, ಇರಲಿ, ಕುಡಿದಂತೆ ಇಳಿಯುತ್ತದೆ.

ನಮ್ಮ ಬಿಸಿಲು ಒಣ ಬಿಸಿಲು. ಮಂಗಳೂರಿನ ಹಾಗೆ ಅಂಗಿ ತೊಯ್ಯುವುದಿಲ್ಲ. ಬೆವರು ಬಂದ ಹಾಗೇ ಆರಿಹೋಗುತ್ತದೆ, ಹಾಗಾಗಿ ನೀರು ಹೋಗಿದ್ದೇ ಕಾಣುವುದಿಲ್ಲ. ಎಂಟು ಗಂಟೆಗೆ ನಿಂತಾಗ ಅಂಗಿಯ ಬೆನ್ನು ನೋಡಿ. ಬ್ಯಾಗಿನ ಪಟ್ಟಿ ತಾಗುವ ಅಂಚಿನಲ್ಲಿ ಬಿಳಿ ಗೆರೆ ಮೂಡಿರುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿಯಾಗಿ ಬರುತ್ತದೆ. ಅದು ಉಪ್ಪು. ಗೆರೆ ದಪ್ಪಗಿದ್ದವರಿಗೆ ಬರೀ ನೀರು ಸಾಲದು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ.

ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತಾರೋ ಅಷ್ಟಕ್ಕೇ ಕಲಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಯುವುದು ತಪ್ಪು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಇದಕ್ಕೆ ಬದಲಿ ಅಲ್ಲ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಎರಡೂ ಒಳ್ಳೆಯವು, ಹಾದಿಯ ಯಾವ ಊರಲ್ಲಿ ಕೇಳಿದರೂ ಸಿಗುತ್ತವೆ.

ನೀರು ತುಂಬಿಸಿಕೊಳ್ಳಲು ಊರೂರಲ್ಲಿ ಇರುವ ಶುದ್ಧ ಕುಡಿಯುವ ನೀರಿನ ಘಟಕಗಳೇ ಸರಿ. ನಾಣ್ಯ ಹಾಕಿದರೆ ಕ್ಯಾನ್ ತುಂಬ ಬರುತ್ತದೆ, ನಿಮಗೆ ಬೇಕಾದಷ್ಟು ಹಿಡಿದುಕೊಂಡು ಉಳಿದದ್ದನ್ನು ಪಕ್ಕದವರ ಕೊಡಕ್ಕೆ ಬಿಡಿ. ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಎರಡು ದಿನ ಕುಡಿದರೆ ಏನೂ ಆಗುವುದಿಲ್ಲ, ಆದರೆ ಬೋರ್ ನೀರಿನ ಸವಳು ರುಚಿಗೆ ಕುಡಿಯುವುದೇ ಕಡಿಮೆಯಾಗುತ್ತದೆ, ಅದೇ ಅಪಾಯ. ಬೇಸಿಗೆಯಲ್ಲಿ ದೊಡ್ಡ ಊರುಗಳಲ್ಲಿ ಅರವಟ್ಟಿಗೆ ಇಟ್ಟಿರುತ್ತಾರೆ. ಮಣ್ಣಿನ ಗಡಿಗೆಯ ಆ ನೀರು ಕುಡಿಯದೆ ಮುಂದೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ.

ಬಾಟಲಿ ತಂಪಾಗಿಡಲು ಹಳೆಯ ಹತ್ತಿ ಕಾಲುಚೀಲ ತೊಡಿಸಿ, ನೀರಲ್ಲಿ ನೆನೆಸಿ. ಒಣ ಗಾಳಿಗೆ ನೀರು ಆರುತ್ತಾ ಒಳಗಿನದು ತಣ್ಣಗಾಗುತ್ತದೆ. ಅರ್ಧ ಗಂಟೆಗೊಮ್ಮೆ ನೆನೆಸಿದರೆ ಸಾಕು.

ಈಗ ಯಾರೂ ಜೋರಾಗಿ ಹೇಳದ ಮಾತು. ಹೆಂಗಸರು ದಾರಿಯಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅಂತ ಅಲ್ಲ, ಮೂತ್ರಕ್ಕೆ ಹೋಗಲು ಜಾಗ ಇಲ್ಲ ಅಂತ. ಬೇಸಿಗೆಯಲ್ಲಿ ಗದ್ದೆ ಕೊಯ್ಲಾಗಿ ಬಯಲೋ ಬಯಲು, ಮರೆ ಅನ್ನುವುದೇ ಇರುವುದಿಲ್ಲ. ಬಿಸಿಲಲ್ಲಿ ಹೀಗೆ ನೀರು ಕಡಿಮೆ ಮಾಡುವುದು ಜೀವಕ್ಕೆ ಅಪಾಯ. ಆದ್ದರಿಂದ ನೀರಿನ ಯೋಜನೆ ಜೊತೆಗೇ ಇದನ್ನೂ ಯೋಜನೆ ಮಾಡಿ. ಹಾದಿಯ ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ದೇವಸ್ಥಾನದ ಶೌಚಾಲಯ ಎಲ್ಲೆಲ್ಲಿವೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಹಗುರವಾದ ಒಂದು ಸೀರೆ ಇಟ್ಟುಕೊಳ್ಳಿ. ಎರಡು ಸೈಕಲ್ ನಿಲ್ಲಿಸಿ ಸೀರೆ ಸುತ್ತಿ ಗಂಡ ರಸ್ತೆ ಕಡೆ ಮುಖ ಮಾಡಿ ನಿಂತರೆ ಎರಡು ನಿಮಿಷದಲ್ಲಿ ಮರೆ ಸಿದ್ಧ. ಅದೂ ಬೇಡ ಅಂದರೆ ಊರಿನ ಯಾವುದಾದರೂ ಮನೆಯ ಹೆಂಗಸರನ್ನು ಕೇಳಿ. ಇಲ್ಲ ಅಂದವರು ನನಗೆ ಸಿಕ್ಕಿಲ್ಲ. ಗಂಡಂದಿರಿಗೆ ಒಂದು ಮಾತು: ಹೆಂಡತಿ ನೀರು ಕುಡಿಯುತ್ತಿಲ್ಲ ಅಂದರೆ "ಕುಡಿ ಕುಡಿ" ಅನ್ನುವ ಮೊದಲು ಜಾಗ ಹುಡುಕಿ ಕೊಡಿ.

ಮೂತ್ರ ತಿಳಿ ಹಳದಿ ಇದ್ದರೆ ಸರಿ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಂದಿನ ತುಳಿತ ಅಲ್ಲಿಗೆ ಮುಗಿಯಿತು.

ದಿನದ ವೇಳಾಪಟ್ಟಿ

ನಾಲ್ಕೂವರೆಗೆ ಏಳಿ. ಐದೂವರೆಗೆ, ನಸುಬೆಳಕಲ್ಲಿ, ಸೈಕಲ್ ರಸ್ತೆಯ ಮೇಲಿರಲಿ. ಏಳೂವರೆ ಹೊತ್ತಿಗೆ ತಿಂಡಿ. ಗಂಗಾವತಿ, ಕನಕಗಿರಿ ಕಡೆ ಒಗ್ಗರಣೆ ಮಂಡಕ್ಕಿ ಜೊತೆ ಮಿರ್ಚಿ ಕೊಡುತ್ತಾರೆ. ಮಂಡಕ್ಕಿ ತಿನ್ನಿ, ಮಿರ್ಚಿ ಸಂಜೆಗೆ ಬಿಡಿ, ಎಣ್ಣೆ-ಖಾರ ಬಿಸಿಲಿಗೆ ಆಗುವುದಿಲ್ಲ. ಒಂಬತ್ತಕ್ಕೆ ತುಳಿಯುವುದು ಬಂದ್. "ಇನ್ನು ಐದೇ ಕಿಲೋಮೀಟರ್" ಅನ್ನುವ ಮಾತು ಒಂಬತ್ತರ ನಂತರ ಆಡಬಾರದು.

ಒಂಬತ್ತರಿಂದ ಸಂಜೆ ಐದರವರೆಗೆ ನೆರಳು. ಇದು ಸುಮ್ನೆ ಕಳೆಯುವ ಹೊತ್ತಲ್ಲ, ಪ್ರವಾಸದ ಅರ್ಧ ಭಾಗ ಇದೇ. ಊಟ, ನಿದ್ದೆ, ಬಟ್ಟೆ ಒಗೆಯುವುದು, ಊರವರ ಜೊತೆ ಮಾತು ಎಲ್ಲ ಇಲ್ಲೇ. ಗಾಳಿಯ ಕಾವು ಅತಿ ಹೆಚ್ಚಿರುವುದು ನಡುಮಧ್ಯಾಹ್ನಕ್ಕೆ ಅಲ್ಲ, ಎರಡರಿಂದ ನಾಲ್ಕರ ನಡುವೆ. ಹಾಗಾಗಿ ಮೂರಕ್ಕೆ ನಿದ್ದೆಯಿಂದ ಎದ್ದು "ಹೊರಡೋಣವಾ" ಅಂದರೆ ಬೇಡ. ಐದಕ್ಕೆ ಹೊರಟು ಆರಕ್ಕೆಲ್ಲ ಬೀಡು ಮುಟ್ಟಿ. ಸಂಜೆಯ ಪಾಲು 10-15 ಕಿಲೋಮೀಟರ್ ಮೀರದಿರಲಿ.

ಮೊದಲ ದಿನ ಹುಲಿಗಿಯಲ್ಲಿ ಮಧ್ಯಾಹ್ನ, ಸಾಣಾಪುರ-ಆನೆಗೊಂದಿ ಕಡೆ ರಾತ್ರಿ. ಹುಲಿಗಿ ಬೇಗ ಸಿಗುತ್ತದೆ, ಆದ್ದರಿಂದ ತಂಪು ಇದ್ದರೆ ಶಿವಪುರದವರೆಗೂ ಬೆಳಿಗ್ಗೆಯೇ ಹೋಗಿಬಿಡಬಹುದು. ಸಂಜೆಯ ದೂರ ಅಷ್ಟು ಕಡಿಮೆಯಾಗುತ್ತದೆ.

ಎರಡನೇ ದಿನ ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತುವವರು ಸೂರ್ಯ ಹುಟ್ಟುವ ಹೊತ್ತಿಗೇ ಹತ್ತಿ ಇಳಿಯಬೇಕು. 575 ಮೆಟ್ಟಿಲು, ಬಂಡೆ ಕಾದ ಮೇಲೆ ಬರಿಗಾಲಲ್ಲಿ ಇಳಿಯಲು ಆಗುವುದಿಲ್ಲ. ಹತ್ತಿದ ದಿನ ಗಂಗಾವತಿಯವರೆಗೆ ಮಾತ್ರ ತುಳಿಯಿರಿ, 12 ಕಿಲೋಮೀಟರ್ ಆಸುಪಾಸು. ಹತ್ತದಿದ್ದರೆ ನೇರ ಕನಕಗಿರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವ ಗಾದೆ ಕೇಳಿದ್ದೀರಿ, ಅಲ್ವಾ? ಬೇಸಿಗೆ ಮಧ್ಯಾಹ್ನ ಕನಕಾಚಲಪತಿ ಗುಡಿಯ ಕಲ್ಲುಮಂಟಪದಲ್ಲಿ ಕೂತು ಕಂಬಗಳನ್ನು ಒಂದೊಂದಾಗಿ ನೋಡುವುದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನೂ ಸೇರಿಸಬಹುದಾ ಅಂತ ಕೇಳುತ್ತಾರೆ. ಬೆಟ್ಟದ ಮೇಲೆ 400ಕ್ಕೂ ಹೆಚ್ಚು ಇವೆ, ಅದ್ಭುತ ಜಾಗ. ಆದರೆ ನೆರಳಿಲ್ಲದ ಏರು, ಕರಡಿ-ಚಿರತೆ ಓಡಾಡುವ ಗುಡ್ಡ. ಬೇಸಿಗೆ ಪ್ರವಾಸಕ್ಕೆ ನಾನು ಸೇರಿಸುವುದಿಲ್ಲ.

ಒಬ್ಬರನ್ನೊಬ್ಬರು ನೋಡುವುದು ಹೇಗೆ

ಅರ್ಧ ಗಂಟೆಗೊಮ್ಮೆ ನಿಲ್ಲಿ. ನಿಂತಾಗ ಎದುರಾಬದುರಾ ನಿಲ್ಲಿ. "ಹೇಗಿದೀಯಾ?" ಅಂತ ಕೇಳಬೇಡಿ, ಎಲ್ಲರೂ "ಆರಾಮ" ಅಂತಲೇ ಅನ್ನುತ್ತಾರೆ. ಉತ್ತರ ಕೊಡಲು ಯೋಚಿಸಬೇಕಾದ ಪ್ರಶ್ನೆ ಕೇಳಿ: ಹಿಂದಿನ ಊರು ಯಾವುದು, ಬಾಟಲಿಯಲ್ಲಿ ಎಷ್ಟು ಉಳಿದಿದೆ, ತಿಂಡಿಗೆ ಎಷ್ಟು ಕೊಟ್ಟೆವು. ಉತ್ತರ ತಡವಾದರೆ, ಸುಮ್ಮನೆ ಸಿಟ್ಟು ಬಂದರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲಬೇಕು. ಸಂಭಾವಿತ ಮನುಷ್ಯ ಇದ್ದಕ್ಕಿದ್ದಂತೆ ರೇಗಿದರೆ ಅದಕ್ಕೆ ಉತ್ತರ ಜಗಳ ಅಲ್ಲ, ನೆರಳು.

ತಲೆಸುತ್ತು, ಹೊಟ್ಟೆ ತೊಳೆಸುವುದು, ಸ್ನಾಯು ಹಿಡಿಯುವುದು, ವಿಪರೀತ ಬೆವರು ಇದ್ದರೆ ಬಳಲಿಕೆ. ನೆರಳಲ್ಲಿ ಮಲಗಿಸಿ, ಕಾಲು ಎತ್ತರದಲ್ಲಿಡಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಆ ದಿನ ಮತ್ತೆ ಸೈಕಲ್ ಹತ್ತುವುದು ಬೇಡ.

ಗೊಂದಲದ ಮಾತು, ತೂರಾಡುವುದು, ಎಚ್ಚರ ತಪ್ಪುವುದು ಕಂಡರೆ ಅದು ಹೀಟ್ ಸ್ಟ್ರೋಕ್. ಮೈ 40 ಡಿಗ್ರಿ ಮೀರಿರುತ್ತದೆ. ಬೆವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಕಾಯುತ್ತಾ ಕೂರಬೇಡಿ. ಬಟ್ಟೆ ಸಡಿಲಿಸಿ, ಇರುವ ಅಷ್ಟೂ ನೀರನ್ನು ಮೈಮೇಲೆ ಸುರಿಯಿರಿ, ಟವೆಲ್ಲಿನಿಂದ ಜೋರಾಗಿ ಗಾಳಿ ಬೀಸಿ. ಪಂಪ್‌ಸೆಟ್ ಹತ್ತಿರ ಇದ್ದರೆ ಅದರ ನೀರಿಗೇ ಒಡ್ಡಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಒಬ್ಬರು "ಸಾಕು" ಅಂದರೆ ಇಬ್ಬರಿಗೂ ಸಾಕು. ಯಾಕೆ ಅಂತ ಕೇಳುವುದು ಬೇಡ. ಹೊರಡುವ ಮೊದಲೇ ಇದನ್ನು ಒಪ್ಪಿಕೊಂಡಿರಿ.

ಟೆಂಟ್ ಎಲ್ಲಿ ಹಾಕಬೇಕು

ಆನೆಗೊಂದಿಯ ಬಂಡೆಗಳ ಸಂದಿ ನೋಡಿದರೆ ಅಲ್ಲೇ ಟೆಂಟ್ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಹಗಲೆಲ್ಲ ಕುಡಿದ ಬಿಸಿಲನ್ನು ಬಂಡೆ ರಾತ್ರಿಯೆಲ್ಲ ಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಅಂಗೈ ಹಿಂಭಾಗ ಬಂಡೆಗೆ ತಾಗಿಸಿ ನೋಡಿ, ಇನ್ನೂ ಬಿಸಿ ಹೊಡೆಯುತ್ತಿರುತ್ತದೆ. ಜೊತೆಗೆ ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಸ್ಮಾರಕಗಳ ಜಾಗದಲ್ಲಿ, ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ತಂಗುವಂತಿಲ್ಲ. ಕೆರೆ ದಂಡೆ, ಕಾಲುವೆ ಏರಿ, ನದಿ ಮರಳು ಇವುಗಳ ಮೇಲೆ ಇಬ್ಬರೇ ಮಲಗುವುದು ಬೇಡವೇ ಬೇಡ. ತುಂಗಭದ್ರೆಯಲ್ಲಿ ಮೊಸಳೆ ಇವೆ. ಕಾಲುವೆಗೆ ನೀರು ಬಿಟ್ಟಿದ್ದರೆ ಸೆಳೆತ ಜೋರು, ಕಾಂಕ್ರೀಟಿನ ಇಳಿಜಾರು ಜಾರುತ್ತದೆ, ಸ್ನಾನಕ್ಕೂ ಇಳಿಯಬೇಡಿ.

ನಮ್ಮ ಆಯ್ಕೆ ಯಾವಾಗಲೂ ರೈತರ ಕಣ. ಸುಗ್ಗಿ ಮುಗಿದ ಕಣ ಗಟ್ಟಿ, ಸಮತಟ್ಟು, ನಾಲ್ಕು ಕಡೆ ಗಾಳಿ, ಹುಲ್ಲಿಲ್ಲದ್ದರಿಂದ ಹುಳ-ಹುಪ್ಪಟೆ ಬಂದರೆ ಕಾಣುತ್ತದೆ. ಬಣವೆಯಿಂದ ಮಾತ್ರ ದೂರ ಇರಿ. ಅಲ್ಲಿ ಇಲಿ ಇರುತ್ತದೆ, ಇಲಿ ಹಿಂದೆ ಹಾವು. ಅಷ್ಟೇ ಅಲ್ಲ, ಒಲೆಯ ಒಂದು ಕಿಡಿ ಸಾಕು, ಆ ಮನೆಯ ದನದ ವರ್ಷದ ಮೇವು ಬೂದಿಯಾಗಲು. ಕಣದಲ್ಲಿ ಒಲೆ ಹಚ್ಚುವುದೇ ಬೇಡ. ರಾತ್ರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ. ಬಿಸಿಲಿಗೆ ಕೆಡದ ಊಟ ಇದಕ್ಕಿಂತ ಬೇರೆ ಯಾವುದಿದೆ?

ಕೇಳುವ ರೀತಿಯೂ ಮುಖ್ಯ. ಕತ್ತಲಾಗುವ ಮೊದಲು ಹೋಗಿ. ಮೊದಲು ಮನೆಯ ಹೆಂಗಸರ ಹತ್ತಿರ ನಾನು ಮಾತಾಡುತ್ತೇನೆ. ಯಾವ ಊರು, ಎಲ್ಲಿಗೆ ಹೊರಟಿದ್ದೀವಿ, ಬೆಳಿಗ್ಗೆ ಐದಕ್ಕೆಲ್ಲ ಹೋಗಿಬಿಡುತ್ತೇವೆ ಅಂತ ಹೇಳಿದರೆ ಸಾಕು. ಮೊದಲು ಬೆಲ್ಲ-ನೀರು ಬರುತ್ತದೆ, ಆಮೇಲೆ ಜಾಗ. ಎಷ್ಟೋ ಮನೆಗಳಲ್ಲಿ ಮಾಳಿಗೆ ಮೇಲೆ ಮಲಗಿ ಅನ್ನುತ್ತಾರೆ. ಮಣ್ಣಿನ ಮಾಳಿಗೆ ಆದರೆ ಒಪ್ಪಿಕೊಳ್ಳಿ. ಕಾಂಕ್ರೀಟ್ ಆದರೆ ಸಂಜೆಯೇ ನೀರು ಚೆಲ್ಲಬೇಕು, ಇಲ್ಲದಿದ್ದರೆ ನಡುರಾತ್ರಿವರೆಗೆ ಕುದಿಯುತ್ತದೆ. ಯಾರೂ ಸಿಗದಿದ್ದರೆ ದೇವಸ್ಥಾನದ ಯಾತ್ರಿ ನಿವಾಸ, ಮಠ, ಶಾಲೆಯ ಅಂಗಳ ಕೇಳಿ. ಎಲ್ಲಿ ಮಲಗುತ್ತೇವೆ ಅಂತ ಮನೆಗೆ ಲೊಕೇಶನ್ ಕಳಿಸಿ. ತೊಂದರೆ ಆದರೆ 112ಕ್ಕೆ ಫೋನ್ ಮಾಡಿ.

ಟೆಂಟಿನ ಹೊರ ಹೊದಿಕೆ ತೆಗೆದು ಬಲೆಯ ಭಾಗ ಮಾತ್ರ ಕಟ್ಟಿ. ಜಿಪ್ ಸದಾ ಹಾಕಿರಬೇಕು, ಒಂದು ನಿಮಿಷಕ್ಕೂ ಬಿಡಬಾರದು. ಕಟ್ಟುಹಾವು ರಾತ್ರಿ ಓಡಾಡುವ ಹಾವು, ಕಚ್ಚಿದ್ದೂ ಎಷ್ಟೋ ಸಲ ತಿಳಿಯುವುದಿಲ್ಲ. ಹೊರಗೆ ಕಾಲಿಡುವಾಗ ಟಾರ್ಚ್ ಬೇಕೇ ಬೇಕು. ಶೂ ಒಳಗೇ ಇಟ್ಟುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ, ಚೇಳಿಗೆ ಶೂ ಅಂದರೆ ಇಷ್ಟ. ಏನಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ, ಅಲುಗಾಡದಂತೆ ಇಟ್ಟು ನೇರ ಸರಕಾರಿ ಆಸ್ಪತ್ರೆಗೆ.

ಹೊರ ಹೊದಿಕೆಯನ್ನು ತಲೆ ಹತ್ತಿರವೇ ಇಟ್ಟುಕೊಳ್ಳಿ. ಅಶ್ವಿನಿ, ಭರಣಿ ಮಳೆಯ ಹೊತ್ತು ಇದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ರೈತರು ಕಾಯುತ್ತಿರುತ್ತಾರೆ, ಆದರೆ ಅದು ಬರುವುದು ಧೂಳು, ಬಿರುಗಾಳಿ, ಸಿಡಿಲಿನ ಜೊತೆ. ಪಡುವಣ ಕಡೆ ಮೋಡ ಕಪ್ಪಾಗಿ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಟೆಂಟ್ ಬಿಟ್ಟು ಗಟ್ಟಿ ಮನೆಯೊಳಗೆ ಹೋಗಿ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರವೇ ಇದೆ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ.

ವಾಪಸ್

ಮೂರನೇ ದಿನ ಬೆಳಿಗ್ಗೆ ಕನಕಗಿರಿಯಿಂದ ಗಂಗಾವತಿಗೆ 20 ಕಿಲೋಮೀಟರ್ ಚಿಲ್ಲರೆ. ಎಂಟಕ್ಕೆಲ್ಲ ಮುಟ್ಟಿಬಿಡಬಹುದು. ಹಿಂದಿನ ದಿನ ಗಂಗಾವತಿಯಲ್ಲೇ ಉಳಿದವರು ಕನಕಗಿರಿ ಬಿಟ್ಟು ಇಲ್ಲಿಗೇ ಮುಗಿಸಲಿ, ಎರಡನ್ನೂ ಒಂದೇ ಬೆಳಿಗ್ಗೆಗೆ ತುರುಕಬೇಡಿ. ಬೆಂಗಳೂರು, ಹುಬ್ಬಳ್ಳಿ ಕಡೆಯವರು ಸೈಕಲ್ಲನ್ನು ರೈಲಿನ ಪಾರ್ಸೆಲ್‌ನಲ್ಲಿ ಹಾಕುವುದಾದರೆ ಹೊಸಪೇಟೆಯಿಂದಲೇ ಹಾಕುವುದು ಸಲೀಸು. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಗಂಗಾವತಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಹೋಗಲು ಕಂಡಕ್ಟರನ್ನು ಕೇಳಿ, ಲಗೇಜ್ ಟಿಕೆಟ್ ತೆಗೆಸಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಹೆಸರು-ಫೋನ್ ನಂಬರ್ ಬರೆದ ಚೀಟಿಯನ್ನು ಎರಡು ಕಡೆ ಅಂಟಿಸಿ. ಮನೆ ಮುಟ್ಟಿದ ಮೇಲೂ ಒಂದೆರಡು ದಿನ ಇಬ್ಬರೂ ಮೂತ್ರದ ಬಣ್ಣ ನೋಡುತ್ತಿರಿ, ಓಆರ್‌ಎಸ್ ನಿಲ್ಲಿಸಿದರೂ ಮಜ್ಜಿಗೆ ನಿಲ್ಲಿಸಬೇಡಿ.